ಬೇಸಗೆಯಲ್ಲಿ ಹಿಡಿದಿಟ್ಟು, ಮಳೆಗೆ ಬಿಡುವವರು

ಪುಣೆಯ ಓದುಗರೊಬ್ಬರು ಹೋದ ತಿಂಗಳು ನನಗೊಂದು ವಾಟ್ಸಾಪ್ ಸಂದೇಶ ಕಳಿಸಿದ್ದರು. ನೀವೂ ಅದನ್ನು ನೋಡಿರುತ್ತೀರಿ. ಕಾಡಿನಲ್ಲಿ ಹಿರಿಯ ಮರ ತಾಯಿಯ ಹಾಗೆ, ನೆಲದೊಳಗಿನ ಶಿಲೀಂಧ್ರದ ಜಾಲದ ಮೂಲಕ ಮರಿಗಿಡಗಳಿಗೆ ಊಟ ಕಳಿಸುತ್ತದೆ, ಅಲ್ಲಿ ಜಗಳವಿಲ್ಲ, ಮನುಷ್ಯರಿಗಿಂತ ಮರಗಳೇ ವಾಸಿ ಎಂಬುದು ಅದರ ಸಾರ. "ಇದು ನಿಜವೇ? ನೀವಿರುವ ಊರಲ್ಲೇ ದೊಡ್ಡ ವಿಶ್ವವಿದ್ಯಾಲಯವಿದೆ, ಸ್ವಲ್ಪ ವಿಚಾರಿಸಿ ಬರೆಯಿರಿ" ಎಂದು ಕೆಳಗೆ ಸೇರಿಸಿದ್ದರು.

ಅದರಲ್ಲಿ ಸ್ವಲ್ಪ ನಿಜವಿದೆ. ಕೆನಡಾದ ಸುಝಾನ್ ಸಿಮಾರ್ಡ್ ಮತ್ತು ಸಂಗಡಿಗರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬರ್ಚ್ ಮತ್ತು ಡಗ್ಲಸ್ ಫರ್ ಎಂಬ ಎರಡು ಬೇರೆ ಬೇರೆ ಜಾತಿಯ ಗಿಡಗಳ ನಡುವೆ ಇಂಗಾಲ ನೆಲದೊಳಗಿಂದ ಅತ್ತಿತ್ತ ಸಾಗಿದ್ದನ್ನು ಅವರು ಗುರುತು ಹಚ್ಚಿ ತೋರಿಸಿದ್ದರು. ಆಮೇಲೆ ಕಥೆ ಬೆಳೆಯಿತು. ಪುಸ್ತಕ, ಭಾಷಣ, ಸಿನಿಮಾಗಳಲ್ಲಿ ಅದು 'ತಾಯಿಮರ'ವಾಯಿತು. 2023ರಲ್ಲಿ ಜಸ್ಟೀನ್ ಕಾರ್ಸ್ಟ್, ಮೆಲನಿ ಜೋನ್ಸ್, ಜೇಸನ್ ಹೂಕ್ಸೆಮಾ ಎಂಬ ಮೂವರು ವಿಜ್ಞಾನಿಗಳು ಈ ಮಾತುಗಳಿಗೆ ಕಾಡಿನಲ್ಲಿ ಸಿಕ್ಕಿರುವ ಪುರಾವೆ ಎಷ್ಟೆಂದು ಲೆಕ್ಕ ಹಾಕಿ, ಹೇಳುತ್ತಿರುವಷ್ಟು ಗಟ್ಟಿಯಾಗಿ ಹೇಳಲು ಅದು ಸಾಲದು ಎಂದು ಬರೆದರು. ಇವರಲ್ಲಿ ಮೆಲನಿ ಜೋನ್ಸ್ 1997ರ ಆ ಮೊದಲ ಲೇಖನದ ಸಹಲೇಖಕಿಯೂ ಹೌದು.

ಉತ್ತರವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಕಾಡಿನಲ್ಲಿ ನೀರಿಗೂ ಗೊಬ್ಬರಕ್ಕೂ ನಡೆಯುವ ಪೈಪೋಟಿಯ ಬಗ್ಗೆ ಜಗತ್ತು ಕೇಳಬೇಕಾದ ಒಂದು ಸಂಗತಿ ಹೊರಬಂದದ್ದು ಇದೇ ಕಾಶಿಯಿಂದ. ಆ ಸಂಗತಿ ತಾಯಿಮರದ ಕಥೆಗಿಂತ ನನಗೆ ಹೆಚ್ಚು ಇಷ್ಟ. ಅದರಲ್ಲಿ ಜಗಳ ಇದೆ, ಆ ಜಗಳದಿಂದಲೇ ಕಾಡು ಉಳಿದಿದೆ.

ಕಾಶಿಯ ಹತ್ತಿರ ಕಾಡಿದೆ ಎಂದರೆ ಊರಿಂದ ಬರುವ ನಮ್ಮವರು ನಗುತ್ತಾರೆ. ಅವರಿಗೆ ಜಂಗಮವಾಡಿ ಮಠ ಗೊತ್ತು, ಹನುಮಾನ್ ಘಾಟ್ ಗೊತ್ತು, ವಿಶ್ವನಾಥನ ಗಲ್ಲಿ ಗೊತ್ತು. ಆದರೆ ಘಾಟಿನ ಮೆಟ್ಟಿಲ ಮೇಲೆ ಕೂತಾಗ ಅವರು ಕೂತಿರುವುದೇ ವಿಂಧ್ಯದ ಮೇಲೆ. ಈ ಮೆಟ್ಟಿಲುಗಳಿಗೆ ಕಲ್ಲು ಬಂದದ್ದು ಚುನಾರಿನ ಗುಡ್ಡಗಳಿಂದ. ಗಂಗೆ ದಾಟಿ ಚಕಿಯಾ ದಾರಿ ಹಿಡಿದರೆ ಗದ್ದೆಬಯಲು ಮುಗಿದು ನೆಲ ಏಳತೊಡಗುತ್ತದೆ, ಮಣ್ಣು ಕೆಂಪಾಗುತ್ತದೆ, ಚಂದ್ರಪ್ರಭಾ ವನ್ಯಧಾಮ ಸಿಗುತ್ತದೆ. ಈಗ ಅದು ಚಂದೌಲಿ ಜಿಲ್ಲೆ, 1997ಕ್ಕೆ ಮೊದಲು ವಾರಾಣಸಿ ಜಿಲ್ಲೆಯೇ ಆಗಿತ್ತು. ಅಲ್ಲಿಂದ ಮಿರ್ಜಾಪುರ, ಸೋನಭದ್ರದವರೆಗೆ ಹರಿದು ಹೋಗುವ ಈ ಒಣಕಾಡನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. ಭಾರತದ ಪರಿಸರ ವಿಜ್ಞಾನದ ಪಿತಾಮಹ ಎನಿಸಿಕೊಂಡ ರಾಮದೇವ ಮಿಶ್ರ ಅವರು ಕಟ್ಟಿದ ಪರಂಪರೆ ಅದು.

ಕಾಡೆಂದರೆ ಆಗುಂಬೆಯನ್ನು ನೆನೆಯಬೇಡಿ. ಇದು ಬಂಡೀಪುರದ ಬಯಲುಸೀಮೆ ಮಗ್ಗುಲಿನಂಥ ಕಾಡು. ಸಾಲ, ಮತ್ತಿ, ದಿಂಡಿಗ, ಮುತ್ತುಗ, ಬೀಡಿ ಎಲೆಯ ತೇಂದು, ನಮ್ಮ ಹಿಪ್ಪೆಯ ಬಳಗದ ಮಹುವಾ, ಇಲ್ಲಿಯವರು ಸಲಯಿ ಎನ್ನುವ ಧೂಪದ ಮರ. ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆ. ಬೆಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ. ಆದರೆ ಬೆಂಗಳೂರಿನಲ್ಲಿ ಅದು ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿಕೊಂಡು ಬರುತ್ತದೆ, ಇಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಆ ಉಳಿಕೆಯಲ್ಲೇ ಎಲ್ಲರ ಸಂಸಾರ. ಮಣ್ಣೂ ಬಡವು, ಸಾರಜನಕ, ರಂಜಕ ಎರಡೂ ಕಡಿಮೆ. ನೀರು ಕಡಿಮೆ, ಗೊಬ್ಬರ ಕಡಿಮೆ, ಬೇಡುವವರು ಬಹಳ. ಪೈಪೋಟಿ ನೋಡಬೇಕೆಂದರೆ ಇಂಥಲ್ಲಿಗೇ ಹೋಗಬೇಕು.

ಮೊದಲು ನೀರಿನ ವಿಷಯ. ಒಂದೇ ಕೊಡದ ನೀರಿಗೆ ಎಲ್ಲರೂ ಒಂದೇ ಹೊತ್ತಿಗೆ ಕೈಹಾಕಿದರೆ ಯಾರಿಗೂ ಸಾಲುವುದಿಲ್ಲ. ಕಾಡಿನಲ್ಲಿ ಕೈಹಾಕುವ ಆಳ ಬೇರೆ, ಹೊತ್ತು ಬೇರೆ. ಹುಲ್ಲಿನ ಬೇರು ಮೇಲಿನ ಮಣ್ಣಿನಲ್ಲಿ ಹರಡಿ, ಬಿದ್ದ ಹನಿಯನ್ನು ಬಿದ್ದ ಕ್ಷಣವೇ ಹೀರುತ್ತದೆ. ಮಳೆ ನಿಂತರೆ ಅದು ಒಣಗಿ ಮಲಗುತ್ತದೆ. ದೊಡ್ಡ ಮರಗಳು ಬೇರನ್ನು ಬಂಡೆಯ ಬಿರುಕಿನವರೆಗೂ ಇಳಿಸುತ್ತವೆ. ಎಲೆ ಉದುರಿಸುವುದೂ ಒಂದು ಲೆಕ್ಕಾಚಾರ. ಎಲೆ ಇದ್ದಷ್ಟು ದಿನ ನೀರು ಆವಿಯಾಗಿ ಹೋಗುತ್ತದೆ, ಎಲೆ ಬಿಟ್ಟರೆ ಖರ್ಚು ನಿಲ್ಲುತ್ತದೆ. ಇಲ್ಲಿನ ವಿಜ್ಞಾನಿಗಳು ವಿಂಧ್ಯದ ಮರಗಳ ಎಲೆಯಿಲ್ಲದ ದಿನಗಳನ್ನು ಜಾತಿವಾರು ಎಣಿಸಿದ್ದಾರೆ. ಸಾಲದ ಮರ ಹಳೆಯ ಎಲೆ ಬೀಳಿಸುತ್ತಲೇ ಹೊಸತು ತೊಡುತ್ತದೆ, ಬೋಳಾಗಿ ನಿಲ್ಲುವುದೇ ಇಲ್ಲವೆನ್ನಬೇಕು. ಸಲಯಿ ತಿಂಗಳುಗಟ್ಟಲೆ ಬೋಳು, ಮೆತ್ತನೆಯ ಕಾಂಡದಲ್ಲಿ ನೀರು ತುಂಬಿಕೊಂಡು ಕಾಯುತ್ತದೆ. ಒಂದೇ ಗುಡ್ಡದಲ್ಲಿ ಅಕ್ಕಪಕ್ಕ ನಿಂತ ಎರಡು ಮರಗಳಿಗೆ ಎರಡು ಬೇರೆ ಪಂಚಾಂಗ.

ಆಳಕ್ಕೆ ಬೇರು ಬಿಟ್ಟವನೇ ಗೆದ್ದ ಅಂದುಕೊಳ್ಳಬೇಡಿ. ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ತಂಡದವರು 1988ರಿಂದ 50 ಹೆಕ್ಟೇರ್ ಕಾಡಿನ ಪ್ರತಿ ಮರವನ್ನೂ ಲೆಕ್ಕವಿಟ್ಟು ನೋಡುತ್ತಿದ್ದಾರೆ. ಅಲ್ಲಿನ ಮಾಹಿತಿ ಇಟ್ಟುಕೊಂಡು ರುತುಜಾ ಚಿತ್ರಾ-ತಾರಕ್ ಮತ್ತು ಸಂಗಡಿಗರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೇಲಿನ ಮಣ್ಣು ಪ್ರತಿ ಮಳೆಗಾಲಕ್ಕೂ ತುಂಬುತ್ತದೆ, ಆಳದ ನೀರು ತುಂಬಬೇಕಾದರೆ ಭಾರಿ ಮಳೆಯ ವರ್ಷವೇ ಬರಬೇಕು. ಒಂದು ವರ್ಷದ ಬರಕ್ಕೆ ಆಳದ ಬೇರು ಆಸರೆ. ಬರ ವರ್ಷಗಟ್ಟಲೆ ಮುಂದುವರಿದಾಗ ಮಾತ್ರ ಆಳದ ನೀರನ್ನೇ ನೆಚ್ಚಿದ ಮರಗಳು ಹೆಚ್ಚು ಸತ್ತಿದ್ದವು. ಕೋಲಾರದಲ್ಲೋ ಚಿತ್ರದುರ್ಗದಲ್ಲೋ ಬೋರ್‌ವೆಲ್ ತೋಡಿಸಿದ ಮನೆಯಿಂದ ಬಂದವರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಕದಿಯುವವರೂ ಇದ್ದಾರೆ. ಮಾವಿನ ಮರದ ಕೊಂಬೆಗೆ ಬೇರು ಚುಚ್ಚಿ ನೀರು ಹೀರುವ ಬಂದಳಿಕೆಯನ್ನು ನೀವು ನೋಡಿದ್ದೀರಿ. ಅದಕ್ಕಿಂತ ದೊಡ್ಡ ಕಳ್ಳನನ್ನು ನಾವು ದೇವರ ಹಣೆಗೆ ಹಚ್ಚುತ್ತೇವೆ. ಶ್ರೀಗಂಧದ ಮರ ತನ್ನ ಅನ್ನವನ್ನು ತಾನೇ ಎಲೆಯಲ್ಲಿ ಬೇಯಿಸಿಕೊಳ್ಳುತ್ತದೆ, ನಿಜ. ಆದರೆ ಅದರ ಬೇರುಗಳು ಮಣ್ಣಿನೊಳಗೆ ಪಕ್ಕದ ಗಿಡದ ಬೇರನ್ನು ಹುಡುಕಿ, ಸಣ್ಣ ಗುಂಡಿಯಂಥ ಹೀರುಬೇರು ಒತ್ತಿ, ಅಲ್ಲಿಂದ ನೀರು ಮತ್ತು ಪೋಷಕಾಂಶ ಎಳೆದುಕೊಳ್ಳುತ್ತವೆ. ಗಂಧ ನೆಡುವ ರೈತರು ಪಕ್ಕದಲ್ಲಿ ತೊಗರಿಯನ್ನೋ ಹೊಂಗೆಯನ್ನೋ ನೆಡುವುದು ಇದಕ್ಕೇ. ಗಾಳಿಯ ಸಾರಜನಕವನ್ನು ಬೇರುಗಂಟಿನಲ್ಲಿ ಕಟ್ಟಿಕೊಳ್ಳುವ ದ್ವಿದಳ ಗಿಡ ಪಕ್ಕದಲ್ಲಿದ್ದರೆ ಗಂಧ ಚೆನ್ನಾಗಿ ಏಳುತ್ತದೆ. ಒಂಟಿಯಾಗಿ ಬಿಟ್ಟರೆ ಸೊರಗುತ್ತದೆ. ಕಾಶಿಯ ಅಂಗಡಿಗಳಲ್ಲಿ ಮೈಸೂರು ಗಂಧದ ಹೆಸರು ಕೇಳಿದಾಗೆಲ್ಲ, ಆ ಪರಿಮಳದ ಹಿಂದೆ ಯಾವ ಊರಿನ ಯಾವ ಗಿಡದ ನೀರು ಸೇರಿದೆಯೋ ಎಂದು ನನಗೆ ಅನ್ನಿಸುವುದುಂಟು.

ಇಷ್ಟು ಕಣ್ಣಿಗೆ ಕಾಣುವವರ ಜಗಳ. ಕಾಶಿಯವರು ಅಳೆದದ್ದು ಕಾಣದವರ ಜಗಳವನ್ನು.

ಮಣ್ಣಿನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿವೆ, ಅವು ಎಲೆ ಕೊಳೆಸಿ ಗೊಬ್ಬರ ಮಾಡುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಪಾಠದಲ್ಲಿ ಅವು ಮರದ ಆಳುಗಳು. ವಾಸ್ತವದಲ್ಲಿ ಅವು ಮರದ ಎದುರಾಳಿಗಳು. ಅವಕ್ಕೂ ಮೈ ಕಟ್ಟಿಕೊಳ್ಳಲು ಸಾರಜನಕ, ರಂಜಕ ಬೇಕು, ಮರಕ್ಕಿಂತ ಎಷ್ಟೋ ಹೆಚ್ಚು ಪ್ರಮಾಣದಲ್ಲಿ ಬೇಕು. ಅವುಗಳ ಮೈಯಲ್ಲಿ ಸುಮಾರು 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ. ಒಣ ತರಗೆಲೆಯಲ್ಲಿ 1 ಪಾಲು ಸಾರಜನಕಕ್ಕೆ ಇಂಗಾಲ 40, 50, ಇನ್ನೂ ಹೆಚ್ಚು. ಮರ ಎಲೆ ಉದುರಿಸುವ ಮೊದಲೇ ಅದರ ಸಾರಜನಕದಲ್ಲಿ ಸುಮಾರು ಅರ್ಧವನ್ನು ಹಿಂದಕ್ಕೆ ಎಳೆದುಕೊಂಡಿರುತ್ತದೆ, ಅದಕ್ಕೇ ಹೀಗೆ. ಉಸಿರಾಟದಲ್ಲಿ ಕಳೆದುಹೋಗುವ ಇಂಗಾಲವನ್ನೂ ಲೆಕ್ಕ ಹಿಡಿದರೆ, ಊಟದಲ್ಲಿ 25 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕವಾದರೂ ಇರಬೇಕು. ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ಕೊರತೆಯನ್ನು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ. ಬಾಲ್ಕನಿಯ ಕುಂಡಕ್ಕೆ ಕೊಳೆಯದ ಒಣಎಲೆಯನ್ನೋ ಮರದ ಹೊಟ್ಟನ್ನೋ ಬೆರೆಸಿದಾಗ ಗಿಡ ಹಳದಿ ತಿರುಗುತ್ತದಲ್ಲ, ಆಗುವುದು ಇದೇ. ಕುಂಡದೊಳಗೆ ನಡೆದ ಪೈಪೋಟಿಯಲ್ಲಿ ನಿಮ್ಮ ಕರಿಬೇವು ಸೋತಿರುತ್ತದೆ.

ಹಾಗಾದರೆ ವಿಂಧ್ಯದ ಬಡಮಣ್ಣಿನಲ್ಲಿ ಇಷ್ಟೊಂದು ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ಉಳಿದ ಸಾರಜನಕದಲ್ಲಿ ಕಾಡು ಬೆಳೆದದ್ದು ಹೇಗೆ? ಜೆ. ಎಸ್. ಸಿಂಗ್, ಎ. ಎಸ್. ರಘುವಂಶಿ, ಆರ್. ಎಸ್. ಸಿಂಗ್, ಎಸ್. ಸಿ. ಶ್ರೀವಾಸ್ತವ ಎಂಬ ಬನಾರಸಿನ ನಾಲ್ವರು ಇದಕ್ಕೆ ಉತ್ತರ ಹುಡುಕಿದರು. ವಿಧಾನ ಸರಳ. ಮಣ್ಣಿನ ಮಾದರಿಯನ್ನು ಎರಡು ಪಾಲು ಮಾಡಿ ಒಂದಕ್ಕೆ ಕ್ಲೋರೋಫಾರ್ಮ್ ಹೊಗೆ ಕೊಡುವುದು. ಸೂಕ್ಷ್ಮಜೀವಿಗಳು ಸತ್ತು, ಅವುಗಳ ಮೈಯೊಳಗಿನದು ಹೊರಬರುತ್ತದೆ. ಎರಡು ಪಾಲುಗಳ ನಡುವಿನ ವ್ಯತ್ಯಾಸವೇ ಅವು ಹಿಡಿದಿಟ್ಟುಕೊಂಡಿದ್ದ ಗಂಟು. ಕಾಡು ಮತ್ತು ಹುಲ್ಲುಗಾವಲಿನ ಮಣ್ಣನ್ನು ಬೇರೆ ಬೇರೆ ಋತುಗಳಲ್ಲಿ ತಂದು ಹೀಗೆ ಅಳೆದರು.

ಮಳೆಗಾಲದಲ್ಲಿ ಎಲ್ಲವೂ ಚಿಗುರುತ್ತದೆ, ಸೂಕ್ಷ್ಮಜೀವಿಗಳೂ ಆಗಲೇ ಮಣ್ಣಿನಲ್ಲಿ ತುಂಬಿರುತ್ತವೆ ಎಂದು ಯಾರೂ ಊಹಿಸಬಹುದು. ಸಿಕ್ಕ ಲೆಕ್ಕ ತಿರುಗುಮುರುಗು. ಸೂಕ್ಷ್ಮಜೀವಿಗಳ ಮೈಯಲ್ಲಿ ಅತಿ ಹೆಚ್ಚು ಇಂಗಾಲ, ಸಾರಜನಕ, ರಂಜಕ ಇದ್ದದ್ದು ಒಣ ಬೇಸಗೆಯಲ್ಲಿ. ಅತಿ ಕಡಿಮೆ ಇದ್ದದ್ದು ಮಳೆಗಾಲದಲ್ಲಿ. 1989ರ ಏಪ್ರಿಲ್‌ನಲ್ಲಿ 'ನೇಚರ್' ಪತ್ರಿಕೆ ಇದನ್ನು ಎರಡೇ ಪುಟಗಳಲ್ಲಿ ಪ್ರಕಟಿಸಿತು.

ಅರ್ಥ ಇಷ್ಟು. ಬೇಸಗೆಯಲ್ಲಿ ಮರ ಹುಲ್ಲುಗಳ ಬೇರು ಹೆಚ್ಚುಕಡಿಮೆ ಸುಮ್ಮನಿರುತ್ತವೆ, ಬೇಡುವವರಿಲ್ಲ. ತರಗೆಲೆ ದಪ್ಪಗೆ ಬಿದ್ದಿರುತ್ತದೆ. ಆಗ ಸೂಕ್ಷ್ಮಜೀವಿಗಳು ಸಿಕ್ಕಿದ್ದನ್ನೆಲ್ಲ ಬಾಚಿ ಮೈಯೊಳಗೆ ಸೇರಿಸಿಕೊಳ್ಳುತ್ತವೆ. ಜೂನ್ ಕೊನೆಗೆ ಮೊದಲ ಮಳೆ ಬೀಳುತ್ತದೆ. ಒಣಗಿ ಬಿಗಿದಿದ್ದ ಜೀವಕೋಶಗಳಿಗೆ ಏಕಾಏಕಿ ನೀರು ನುಗ್ಗಿದಾಗ ಎಷ್ಟೋ ಒಡೆಯುತ್ತವೆ, ಉಳಿದವು ಒಳಗಿನ ಲವಣ, ರಸಗಳನ್ನು ಹೊರಹಾಕಿ ಬದುಕಿಕೊಳ್ಳುತ್ತವೆ. ಅವುಗಳನ್ನು ಮೇಯುವ ಪ್ರೋಟೋಜೋವಾ, ದುಂಡುಹುಳುಗಳು ಒದ್ದೆಯಾದ ಮಣ್ಣಿನಲ್ಲಿ ಚುರುಕಾಗುತ್ತವೆ. ಎಂಟು ತಿಂಗಳು ಹಿಡಿದಿಟ್ಟದ್ದು ಬಿಡುಗಡೆಯಾಗುತ್ತದೆ. ಸರಿಯಾಗಿ ಅದೇ ವಾರಗಳಲ್ಲಿ ಮರ, ಹುಲ್ಲುಗಳ ಹೊಸ ಬೇರು ಬಾಯಿ ತೆರೆದಿರುತ್ತದೆ.

ಒಮ್ಮೆ ಬೇರೆ ರೀತಿ ಯೋಚಿಸಿ ನೋಡಿ. ಬೇಸಗೆಯಲ್ಲಿ ಆ ಸಾರಜನಕವನ್ನು ಯಾರೂ ಹಿಡಿಯದೆ ಮಣ್ಣಿನಲ್ಲಿ ಸುಮ್ಮನೆ ಬಿಟ್ಟಿದ್ದರೆ? ನೈಟ್ರೇಟ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ವಿಂಧ್ಯದ ಮೊದಲ ಜಡಿಮಳೆಗೆ ಅದು ಕೊಚ್ಚಿಕೊಂಡು ಹಳ್ಳಕ್ಕೆ, ಹಳ್ಳದಿಂದ ಗಂಗೆಗೆ ಹೋಗುತ್ತಿತ್ತು. ಬೇರು ಎಚ್ಚರಾಗುವಷ್ಟರಲ್ಲಿ ಉಗ್ರಾಣ ಖಾಲಿ. ಮರದ ಎದುರಾಳಿಗಳು ತಮ್ಮ ಹೊಟ್ಟೆಪಾಡಿಗೆ ದೋಚಿದ್ದರಿಂದಲೇ ಮರಕ್ಕೆ ಏನಾದರೂ ಉಳಿಯಿತು. ಇದರಲ್ಲಿ ತಾಯ್ತನವೂ ಇಲ್ಲ, ದಾನವೂ ಇಲ್ಲ. ದೋಚುವ ಹೊತ್ತು ಬೇರೆ, ಬೇಡುವ ಹೊತ್ತು ಬೇರೆ, ಅಷ್ಟೇ.

ಪುಣೆಯ ಓದುಗರಿಗೆ ನಾನು ಕೊಡುವ ಉತ್ತರವೂ ಇದೇ. ಕಾಡನ್ನು ಒಳ್ಳೆಯದೆಂದು ಪ್ರೀತಿಸಲು ಮರಗಳು ನಮಗಿಂತ ಒಳ್ಳೆಯವರಾಗಬೇಕಿಲ್ಲ. ಒಳ್ಳೆಯತನದ ಮೇಲೆ ನಿಂತ ಕಥೆಯಲ್ಲಿ ಕಾಡು ಹೇಗೆ ಕೆಡುತ್ತದೆ ಎಂಬುದೂ ಕಾಣಿಸುವುದಿಲ್ಲ. ಹೊತ್ತಿನ ಕಥೆಯಲ್ಲಿ ಅದು ನಿಚ್ಚಳವಾಗಿ ಕಾಣಿಸುತ್ತದೆ, ಏಕೆಂದರೆ ನಾವು ಕೆಡಿಸುತ್ತಿರುವುದು ಆ ಹೊತ್ತನ್ನೇ.

ಲಂಟಾನವನ್ನು ತೆಗೆದುಕೊಳ್ಳಿ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿಗೆಂದು ಕಲ್ಕತ್ತೆಗೆ ತಂದ ಗಿಡ ಇಂದು ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಮಲೆಮಹದೇಶ್ವರ ಬೆಟ್ಟದ ಹಾಗೆ ವಿಂಧ್ಯವನ್ನೂ ತುಂಬಿದೆ. ಬನಾರಸಿನ ಜ್ಞಾನಪ್ರಕಾಶ್ ಶರ್ಮಾ ಮತ್ತು ರಘುವಂಶಿ ಇದರ ಬುಡದ ಮಣ್ಣನ್ನು ಪರೀಕ್ಷಿಸಿದರು. ಲಂಟಾನ ಹೆಚ್ಚಿದಲ್ಲಿ ಸಾರಜನಕ ಬಿಡುಗಡೆಯಾಗುವ ವೇಗ ಹೆಚ್ಚಿತ್ತು, ಕಾಡಮರಗಳ ಸಸಿಗಳು ಕಡಿಮೆಯಾಗಿದ್ದವು. ಮಣ್ಣು ಫಲವತ್ತಾಯಿತಲ್ಲ, ಒಳ್ಳೆಯದೇ ಅನ್ನಬಹುದು. ಆದರೆ ಆ ಫಲ ತೆಗೆದುಕೊಳ್ಳಲು ಮೊದಲ ಸಾಲಿನಲ್ಲಿ ನಿಂತಿರುವುದು ಲಂಟಾನವೇ. ನಿಧಾನ ಬೆಳೆಯುವ ಮತ್ತಿ, ದಿಂಡಿಗದ ಮರಿಗೆ ಅದರ ಪೊದೆಯ ಕೆಳಗೆ ಬೆಳಕೂ ಇಲ್ಲ, ಸರದಿಯೂ ಇಲ್ಲ. ಈಗ ನಿಂತಿರುವ ದೊಡ್ಡ ಮರಗಳನ್ನು ನೋಡಿ ಕಾಡು ಚೆನ್ನಾಗಿದೆ ಎಂದುಕೊಳ್ಳುತ್ತೇವೆ, ಅವುಗಳ ಜಾಗಕ್ಕೆ ಬರಬೇಕಾದವು ಹುಟ್ಟುತ್ತಲೇ ಇಲ್ಲ.

ಬೆಂಕಿ ಇನ್ನೊಂದು. ಮಾರ್ಚ್, ಏಪ್ರಿಲ್‌ನಲ್ಲಿ ಮಹುವಾ ಹೂ ಬೀಳುವಾಗ, ಆಯಲು ಸುಲಭವಾಗಲೆಂದು ಹಳ್ಳಿಯವರು ಮರದ ಬುಡದ ತರಗೆಲೆಗೆ ಕಡ್ಡಿ ಗೀರುತ್ತಾರೆ. ಆ ಹೂವು ಬಡ ಮನೆಗಳ ವರ್ಷದ ಆದಾಯದ ಒಂದು ಭಾಗ, ಅವರನ್ನು ಬೈದು ಉಪಯೋಗವಿಲ್ಲ. ಮರದ ಕೆಳಗೆ ಬಲೆ ಕಟ್ಟಿ ಹೂ ಹಿಡಿಯುವ ದಾರಿಯೂ ಇದೆ. ಆದರೆ ಬೆಂಕಿಯಲ್ಲಿ ಏನಾಗುತ್ತದೆ ಎಂಬ ಲೆಕ್ಕ ಗೊತ್ತಿರಲಿ. ಎಲೆಯ ಸಾರಜನಕದ ಬಹುಪಾಲು ಹೊಗೆಯಾಗಿ ಗಾಳಿಗೆ ಹೋಗುತ್ತದೆ. ರಂಜಕ, ಪೊಟ್ಯಾಷ್, ಸುಣ್ಣ ಬೂದಿಯಾಗಿ ಉಳಿಯುತ್ತವೆ, ಮೊದಲ ಮಳೆಗೆ ಇಳಿಜಾರಿನಲ್ಲಿ ಹರಿದುಹೋಗುತ್ತವೆ. ಹಿಡಿದಿಡಬೇಕಾದ ಸೂಕ್ಷ್ಮಜೀವಿಗಳಿಗೆ ಅವು ಅತಿ ಹೆಚ್ಚು ದುಡಿಯಬೇಕಾದ ಬೇಸಗೆಯಲ್ಲೇ ಊಟವಿಲ್ಲ. ಕಾಡು ಕಡಿದು ಹೊಲ ಮಾಡಿದ ಕಡೆಯೂ ಇದೇ ಕಥೆ. ಅಲ್ಲಿನ ಮಣ್ಣಿನಲ್ಲಿ ಸೂಕ್ಷ್ಮಜೀವಿರಾಶಿ ಕಾಡಿನದಕ್ಕಿಂತ ಕಡಿಮೆ ಎಂದು ಇಲ್ಲಿನವರೇ ಅಳೆದು ತೋರಿಸಿದ್ದಾರೆ.

ನಾವು ಮುಂಬೈ, ದೆಹಲಿ, ಚೆನ್ನೈ, ಹೈದರಾಬಾದ್‌ಗಳಲ್ಲಿ ಕೂತವರು, ಕಾಡಿಗೆ ಏನು ಮಾಡಲಾದೀತು ಎನ್ನುತ್ತೀರಿ. ನಮ್ಮ ಸೊಸೈಟಿಗಳಲ್ಲೂ ಒಂದಷ್ಟು ಮರಗಳಿವೆ. ಫೆಬ್ರವರಿ, ಮಾರ್ಚ್‌ನಲ್ಲಿ ಅವುಗಳ ಎಲೆ ಉದುರುತ್ತದೆ, ಬೆಳಗ್ಗೆ ಎದ್ದು ಯಾರೋ ಗುಡಿಸುತ್ತಾರೆ, ಮೂಲೆಯಲ್ಲಿ ಹೊಗೆ ಏಳುತ್ತದೆ. ದೆಹಲಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಬಯಲಲ್ಲಿ ಎಲೆ, ಕಸ ಸುಡುವವರಿಗೆ 5,000 ರೂಪಾಯಿ ದಂಡ ಎಂದಿತು. ಅದು ಗಾಳಿಯ ಕಾರಣಕ್ಕೆ. ಮಣ್ಣಿನ ಕಾರಣವೂ ಅಷ್ಟೇ ದೊಡ್ಡದು. ಬುಡದ ಸುತ್ತ ಸಿಮೆಂಟ್ ಹಾಕಿ, ಎಲೆ ಸುಟ್ಟು, ಆಮೇಲೆ ನರ್ಸರಿಯಿಂದ ಗೊಬ್ಬರದ ಚೀಲ ತಂದು ಸುರಿಯುವುದಕ್ಕೆ ಸೊಸೈಟಿಯ ಸಭೆಯಲ್ಲಿ ಹಣ ಮಂಜೂರಾಗುತ್ತದೆ. ಮುಂದಿನ ಸಭೆಯಲ್ಲಿ ನೀವು ಒಂದು ಮಾತು ಎತ್ತಬಹುದು. ಮರದ ಬುಡದಲ್ಲಿ ಒಂದು ಮೀಟರ್ ಮಣ್ಣು ತೆರೆದಿಡೋಣ, ಆ ಮರದ ಎಲೆ ಮಳೆಗಾಲದವರೆಗೆ ಅಲ್ಲೇ ಬಿದ್ದಿರಲಿ, ಹೆಚ್ಚಾದದ್ದು ಗುಂಡಿಗೆ ಹೋಗಲಿ. ಕುಂಡಕ್ಕೆ ಹಾಕುವುದಾದರೆ ಅಡುಗೆಮನೆಯ ಹಸಿಕಸದ ಜೊತೆ ಕೊಳೆಸಿಯೇ ಹಾಕಿ, ಇಲ್ಲದಿದ್ದರೆ ನಾನು ಮೇಲೆ ಹೇಳಿದ ಪೈಪೋಟಿ ನಿಮ್ಮ ಬಾಲ್ಕನಿಯಲ್ಲೇ ಶುರುವಾಗುತ್ತದೆ.

"ಕಸ ಹಾಗೇ ಬಿದ್ದಿರಬೇಕಾ?" ಎಂದು ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಅದು ಕಸವಲ್ಲ, ಮಳೆ ಬರುವವರೆಗೆ ಕಾಯುತ್ತಿರುವ ಗೊಬ್ಬರ ಎಂದು ಹೇಳಿ. ನಂಬದಿದ್ದರೆ ಕಾಶಿಗೆ ಕಳಿಸಿ, ವಿಶ್ವನಾಥನ ದರ್ಶನ ಮುಗಿದ ಮೇಲೆ ಚಕಿಯಾ ದಾರಿಯಲ್ಲಿ ಕರೆದುಕೊಂಡು ಹೋಗಿ ತರಗೆಲೆ ಮಗುಚಿ ತೋರಿಸುವ ಕೆಲಸ ನನ್ನದು. ಮೇ ತಿಂಗಳು ಮಾತ್ರ ಬೇಡ, ಬಿಸಿಲು ತಡೆಯಲಾಗುವುದಿಲ್ಲ.